ಪ್ರಶ್ನೆಗೆ ಉಳಿದ ಹತ್ತು ನಿಮಿಷ

ಕಳೆದ ವರ್ಷ ನಮ್ಮ ಶಾಲೆಯ ಹನ್ನೊಂದು ಮಕ್ಕಳನ್ನು ಕರೆದುಕೊಂಡು ಒಂದು ವಿಶ್ವವಿದ್ಯಾಲಯದ ಕಾರ್ಯಕ್ರಮಕ್ಕೆ ಹೋಗಿದ್ದೆ. ವಿಷಯ: ಹವಾಮಾನ ಬದಲಾವಣೆ ಮತ್ತು ನೀರು. ಸಾರ್ವಜನಿಕರಿಗೆಲ್ಲ ಪ್ರವೇಶ ಉಂಟು ಎಂದು ಪತ್ರಿಕೆಯಲ್ಲಿ ಬಂದಿತ್ತು. ಸಭಾಂಗಣದ ಬಾಗಿಲಲ್ಲಿ ದೊಡ್ಡ ಫ್ಲೆಕ್ಸ್, ವೇದಿಕೆಯ ಮೇಜಿನ ಮೇಲೆ ಸಾಲಾಗಿ ಪ್ಲಾಸ್ಟಿಕ್ ನೀರಿನ ಬಾಟಲಿಗಳು. ಸ್ವಾಗತ, ದೀಪ, ಶಾಲು, ಸ್ಮರಣಿಕೆ ಎಲ್ಲ ಮುಗಿಯುವಾಗ ಒಂದು ಗಂಟೆ ದಾಟಿತು. ಆಮೇಲೆ ಮಾತನಾಡಿದ ವಿಜ್ಞಾನಿ ಮಾತ್ರ ನಿಜವಾಗಿ ಚೆನ್ನಾಗಿ ಹೇಳಿದರು. ಇಂಗ್ಲಿಷು, ನಡುನಡುವೆ ಮಲಯಾಳ. ಕೊನೆಗೆ ಪ್ರಶ್ನೆಗೆ ಅಂತ ಉಳಿದದ್ದು ಹತ್ತು ನಿಮಿಷ. ಅದರಲ್ಲಿ ಎಂಟು ನಿಮಿಷವನ್ನು ಮುಂದಿನ ಸಾಲಿನ ಹಿರಿಯರೊಬ್ಬರು ತಮ್ಮದೇ ಭಾಷಣ ಮಾಡಿ ಮುಗಿಸಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ನೋಟ್‌ಬುಕ್ ತೋರಿಸಿದಳು. ಅದರಲ್ಲಿ ಹೀಗೆ ಬರೆದಿದ್ದಳು: "ನಮ್ಮ ಮನೆಯ ಸುರಂಗದಲ್ಲಿ ಮೊದಲು ಪತ್ತನಾಜೆಯವರೆಗೂ ನೀರು ಬರ್ತಿತ್ತು ಅಂತ ಅಜ್ಜ ಹೇಳ್ತಾರೆ. ಈಗ ಮಾರ್ಚಿನಲ್ಲೇ ನೂಲಿನ ಹಾಗೆ ಆಗ್ತದೆ. ಮಳೆ ಮಾತ್ರ ಬೇಕಾದಷ್ಟು ಬರ್ತದೆ. ಹಾಗಾದರೆ ನೀರು ಎಲ್ಲಿಗೆ ಹೋಗ್ತದೆ?"

"ಕೇಳಲಿಲ್ಲ ಯಾಕೆ ಮಗಳೇ?" ಅಂದೆ.

"ಅಲ್ಲಿ ಕನ್ನಡದಲ್ಲಿ ಕೇಳಬಹುದಿತ್ತಾ ಮಾಸ್ಟ್ರೇ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ತಪ್ಪು ನನ್ನದೂ ಹೌದು. ಶಿಸ್ತಿನಿಂದ ಕೂರಬೇಕು, ಗಲಾಟೆ ಮಾಡಬಾರದು ಎಂದು ಹೊರಡುವಾಗ ಎರಡು ಸಲ ಹೇಳಿದ್ದೆ. ಎದ್ದು ನಿಂತು ಕೇಳಿ ಎಂದು ಒಂದು ಸಲವೂ ಹೇಳಿರಲಿಲ್ಲ.

ಆ ದಿನ ಆ ಸಭಾಂಗಣದಲ್ಲಿ ಬಂದ ಎಲ್ಲ ಪ್ರಶ್ನೆಗಳಿಗಿಂತ ಇದು ದೊಡ್ಡದು ಎಂದು ನಾನು ಈಗಲೂ ಹೇಳುತ್ತೇನೆ. ಯಾಕೆಂದು ನೋಡಿ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಅಂದರೆ 100 ಚದರ ಮೀಟರ್ ಮಾಡಿನ ಮೇಲೆ ವರ್ಷಕ್ಕೆ ಮೂರೂವರೆ ಲಕ್ಷ ಲೀಟರ್ ಬೀಳುತ್ತದೆ. ಆದರೂ ಏಪ್ರಿಲ್ ಬಂದಾಗ ನಾವು ಟ್ಯಾಂಕರಿನ ದಾರಿ ನೋಡುತ್ತೇವೆ. ಸುರಂಗ ಎಂದರೆ ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಾವಿ. ಪಂಪು ಬೇಡ, ಕರೆಂಟು ಬೇಡ, ಗುಡ್ಡ ಕುಡಿದ ನೀರು ತಾನಾಗಿ ಹರಿದು ಬರುತ್ತದೆ. ಹಾಗಾಗಿ ಸುರಂಗ ಬತ್ತಿತು ಅಂದರೆ ಗುಡ್ಡ ಕುಡಿದದ್ದು ಕಡಿಮೆಯಾಯಿತು, ಇಲ್ಲವೇ ಬೇರೆ ಯಾರೋ ಕೆಳಗಿನಿಂದ ಎಳೆದುಕೊಂಡರು.

ಕಾರಣಗಳು ಹಲವು ಇರಬಹುದು. ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಆದ್ದರಿಂದ ಬರುವ ಮಳೆ ಒಮ್ಮೆಲೇ ಸುರಿಯುವುದು ಹೆಚ್ಚಾಗುತ್ತದೆ. ಸುರಿದದ್ದು ಇಳಿಯಲು ಪುರುಸೊತ್ತಿಲ್ಲದೆ ತೋಡಿಗೆ, ಅಲ್ಲಿಂದ ಹೊಳೆಗೆ, ಸಮುದ್ರಕ್ಕೆ. ಗುಡ್ಡದ ತಲೆಯಲ್ಲಿ ಕೆಂಪುಕಲ್ಲಿನ ಕೋರೆ ಆಗಿರಬಹುದು, ಕಾಡು ಹೋಗಿರಬಹುದು, ಮದಕ ಹೂಳು ತುಂಬಿರಬಹುದು, ಪಕ್ಕದಲ್ಲಿ ಬೋರ್‌ವೆಲ್ ಬಂದಿರಬಹುದು. ಇವುಗಳಲ್ಲಿ ಯಾವುದು ಎಷ್ಟು? ಅಳೆಯದೆ ಯಾರೂ ಹೇಳಲಾರರು. ವಿಶ್ವವಿದ್ಯಾಲಯದ ಬಳಿ ಉಪಗ್ರಹದ ಚಿತ್ರ ಉಂಟು, ಕಂಪ್ಯೂಟರ್ ಉಂಟು. ಆ ಸುರಂಗದ ನೀರಿನ ಲೆಕ್ಕ ಮಾತ್ರ ಅವರ ಹತ್ತಿರ ಇಲ್ಲ. ಅದು ನಿಮ್ಮ ಮನೆಯಲ್ಲಿ ಸಿಗಬೇಕು.

ಇಂಥ ಕಾರ್ಯಕ್ರಮಗಳು ಹುಟ್ಟಿದ್ದು ಶಾಲು ಹೊದಿಸುವುದಕ್ಕಲ್ಲ. 1965ರ ಮಾರ್ಚಿನಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಸೇರಿ ವಿಯೆಟ್ನಾಂ ಯುದ್ಧದ ಬಗ್ಗೆ ರಾತ್ರಿಯಿಡೀ ಚರ್ಚೆ ನಡೆಸಿದರು. ಅದಕ್ಕೆ 'ಟೀಚ್-ಇನ್' ಎಂದು ಹೆಸರಾಯಿತು. 1970ರ ಮಾರ್ಚಿನಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಪರಿಸರದ ಬಗ್ಗೆ ಅಂಥದ್ದೇ ಸಭೆ ಆಯಿತು. ಹೊಗೆ ಉಗುಳುವ ಕಾರಿನ ಮೇಲೆ ಮೊಕದ್ದಮೆ ಹೂಡಿ ವಿಚಾರಣೆಯನ್ನೂ ಮಾಡಿದರಂತೆ! ಇದೇ ಟೀಚ್-ಇನ್ ಕಲ್ಪನೆಯನ್ನು ಹಿಡಿದು ಗೇಲಾರ್ಡ್ ನೆಲ್ಸನ್ ಎಂಬ ಸೆನೆಟರ್ 1970ರ ಏಪ್ರಿಲ್ 22ರಂದು ದೇಶದಾದ್ಯಂತ ಮಾಡಿಸಿದ್ದೇ ಮೊದಲ ಭೂಮಿ ದಿನ. ಸುಮಾರು 2 ಕೋಟಿ ಜನ ಸೇರಿದರು. ಆ ವರ್ಷ ಮುಗಿಯುವ ಮೊದಲೇ ಅಲ್ಲಿ ಪರಿಸರ ರಕ್ಷಣೆಗೆಂದು ಸರಕಾರದ ಪ್ರತ್ಯೇಕ ಸಂಸ್ಥೆ ಬಂತು. ನಾವು ಏಪ್ರಿಲ್ 22 ಎಂಬ ತಾರೀಕನ್ನು ತಂದುಕೊಂಡೆವು, ಜಗಳವಾಡಿ ಪ್ರಶ್ನೆ ಕೇಳುವುದನ್ನು ಅಲ್ಲೇ ಬಿಟ್ಟೆವು. ಗಿಡ ನೆಡುವುದನ್ನಂತೂ ಮಾಡುತ್ತೇವೆ. ಕೆಲವು ಕಡೆ ಪ್ರತಿ ವರ್ಷ ಅದೇ ಗುಂಡಿಗೆ ಹೊಸ ಗಿಡ ಎಂಬುದು ನಿಮಗೂ ಗೊತ್ತು.

ಪ್ರಶ್ನೆಯಿಂದ ಏನಾಗುತ್ತದೆ ಎನ್ನುವವರು ನಮ್ಮ ಜಿಲ್ಲೆಯ ಗೇರುಗುಡ್ಡಗಳನ್ನು ನೆನಪು ಮಾಡಿಕೊಳ್ಳಲಿ. ಅಲ್ಲಿ ಎಂಡೋಸಲ್ಫಾನ್ ಅನ್ನು ಹೆಲಿಕಾಪ್ಟರಿನಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಸಿಂಪಡಿಸಿದರು. ಇದೇನು ಹೀಗೆ ಎಂದು ಮೊದಲು ಕೇಳಿದ್ದು ಯಾವ ಸೆಮಿನಾರಿನಲ್ಲೂ ಅಲ್ಲ. ಎಣ್ಮಕಜೆಯ ಪಡ್ರೆಯಂಥ ಊರುಗಳ ಕೃಷಿಕರು, ತಾಯಂದಿರು, ಊರಿನ ವೈದ್ಯರು, ಪತ್ರಿಕೆಗೆ ಬರೆಯುವವರು ಕೇಳಿದರು. ಕನ್ನಡ, ತುಳು, ಮಲಯಾಳ ಯಾವುದು ಬಾಯಿಗೆ ಬಂತೋ ಅದರಲ್ಲಿ. ಅಧ್ಯಯನ ತಂಡಗಳು ಬಂದದ್ದು ಆಮೇಲೆ. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ತಡೆಯಿತು.

ಆದ್ದರಿಂದ ವಿಶ್ವವಿದ್ಯಾಲಯಗಳಿಗೆ ನನ್ನದೊಂದು ಬೇಡಿಕೆ ಉಂಟು. ಸಾರ್ವಜನಿಕ ಕಾರ್ಯಕ್ರಮ ಎಂದು ಬರೆದ ಮೇಲೆ, ಆ ಊರಿನ ಸಾರ್ವಜನಿಕರ ಭಾಷೆಯಲ್ಲಿ ಪ್ರಶ್ನೆ ತೆಗೆದುಕೊಳ್ಳಬೇಕು. ಉತ್ತರವನ್ನು ಕನ್ನಡಕ್ಕೆ ಹೇಳಲು ಒಬ್ಬ ವಿದ್ಯಾರ್ಥಿ ಸಾಕು, ಖರ್ಚಿಲ್ಲ. ಉದ್ಘಾಟನೆಗೆ ಹತ್ತು ನಿಮಿಷ, ಪ್ರಶ್ನೆಗೆ ಒಂದು ಗಂಟೆ. ಈಗ ಇರುವುದನ್ನು ತಿರುವಿ ಹಾಕಿದರೆ ಆಯಿತು.

ಪೋರ್ಶನ್ ಮುಗಿಯದೆ ಒಂದು ದಿನ ಹಾಳು ಎನ್ನುವ ಸಹೋದ್ಯೋಗಿಗಳೂ ಇದ್ದಾರೆ. ಖಾಲಿ ಕೈಯಲ್ಲಿ ಹೋಗಿ ಚಪ್ಪಾಳೆ ತಟ್ಟಿ ಬಂದರೆ ಅವರ ಮಾತು ಸರಿ. ಅದಕ್ಕೆ ಮಕ್ಕಳೇ, ನೀವು ಲೆಕ್ಕ ಹಿಡಿದುಕೊಂಡು ಹೋಗಿ. ನೆಟ್ಟಗಿನ ಗೋಡೆಯ ಒಂದು ಪಾತ್ರೆಯನ್ನು ಬಯಲಲ್ಲಿಟ್ಟು ಪ್ರತಿದಿನ ಬೆಳಗ್ಗೆ ಸ್ಕೇಲಿನಿಂದ ನೀರಿನ ಎತ್ತರ ಅಳೆದು ಚೆಲ್ಲಿ, ಅದೇ ಮಳೆಮಾಪಕ. ಸುರಂಗದ ದಂಬೆಯ ಕೆಳಗೆ ಬಕೆಟ್ ಇಟ್ಟು ಗಡಿಯಾರ ನೋಡಿ. 10 ಲೀಟರಿನ ಬಕೆಟ್ 4 ನಿಮಿಷಕ್ಕೆ ತುಂಬಿದರೆ ನಿಮಿಷಕ್ಕೆ ಎರಡೂವರೆ ಲೀಟರ್, ದಿನಕ್ಕೆ 3,600 ಲೀಟರ್. ಸುರಂಗ ಇಲ್ಲದವರು ಬಾವಿಗೆ ಹಗ್ಗ ಇಳಿಸಿ ನೀರು ಎಷ್ಟು ಕೆಳಗಿದೆ ನೋಡಿ. ವಾರಕ್ಕೊಮ್ಮೆ ಸಾಕು, ಆದರೆ ತಪ್ಪಬಾರದು. ಅಜ್ಜನ ನೆನಪಿನ ಪಕ್ಕದಲ್ಲಿ ನಿಮ್ಮ ಅಂಕಿಯೂ ಇದ್ದರೆ ಯಾವ ಪ್ರೊಫೆಸರರೂ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಂದು ಕೂರುತ್ತಾರೆ.

ಈ ವರ್ಷದ ಕಾರ್ಯಕ್ರಮದ ಆಮಂತ್ರಣ ಬಂದಿದೆ. ಆ ಹುಡುಗಿ ಈಗ ಹತ್ತನೆಯಲ್ಲಿದ್ದಾಳೆ. ಅವಳ ನೋಟ್‌ಬುಕ್ಕಿನಲ್ಲಿ ಮಳೆಗಾಲ ಮುಗಿದಂದಿನಿಂದ ಪ್ರತಿ ಭಾನುವಾರದ ಬಕೆಟಿನ ಲೆಕ್ಕ ಇದೆ, ಎರಡು ಭಾನುವಾರ ಬಿಟ್ಟು; ಆಗ ಜ್ವರವಂತೆ. ಅದನ್ನೂ ಬರೆದಿಟ್ಟಿದ್ದಾಳೆ. ಪ್ರಶ್ನೆ ಕನ್ನಡದಲ್ಲೇ ಕೇಳುವುದು ಎಂದು ತೀರ್ಮಾನವಾಗಿದೆ. ಮಲಯಾಳಕ್ಕೆ ಹೇಳಬೇಕಾಗಿ ಬಂದರೆ ಹೇಳಲು ನಾನು ಅವಳ ಪಕ್ಕದಲ್ಲೇ ಕೂರುತ್ತೇನೆ.