ಹಳೆ ಪಿಕಪ್‌ಗೆ ಬೇರೆ ಎಂಜಿನ್: ಭಿವಂಡಿಯ ಒಂದೇ ಗಾಡಿ ಮಾಲೀಕರಿಗೆ ಕಾನೂನು ಬಿಟ್ಟ ದಾರಿ ಎಷ್ಟು?

ಮುಂಬೈ–ನಾಸಿಕ್ ಹೆದ್ದಾರಿಯಲ್ಲಿ ಠಾಣೆ ದಾಟಿದರೆ ಗೋದಾಮುಗಳ ಸಾಲು ಶುರುವಾಗುತ್ತದೆ. ಅದು ಭಿವಂಡಿ. ಒಂದು ಕಾಲಕ್ಕೆ ಪವರ್‌ಲೂಮ್‌ಗಳ ಊರು ಎಂದಷ್ಟೇ ಹೆಸರಾಗಿದ್ದ ಈ ಪಟ್ಟಣ ಈಗ ದೇಶದ ದೊಡ್ಡ ಗೋದಾಮು ಕೇಂದ್ರಗಳಲ್ಲಿ ಒಂದು. ಮುಂಬೈಯ ಆಕ್ಟ್ರಾಯ್ ಗಡಿಯ ಹೊರಗೆ ಸರಕು ಇಳಿಸಿಡಲು ಬೆಳೆದ ಗೋದಾಮುಗಳು, 2017ರ ಜುಲೈನಲ್ಲಿ ಜಿಎಸ್‌ಟಿ ಬಂದು ಆಕ್ಟ್ರಾಯ್ ಹೋದ ಮೇಲೂ ಕಡಿಮೆಯಾಗಲಿಲ್ಲ. ಆನ್‌ಲೈನ್ ಖರೀದಿ ಅವುಗಳನ್ನು ಇನ್ನಷ್ಟು ಬೆಳೆಸಿತು.

ದೊಡ್ಡ ಲಾರಿಗಳು ಇಲ್ಲಿಗೆ ತಂದ ಸರಕನ್ನು ಕಲ್ಯಾಣ್, ಡೊಂಬಿವ್ಲಿ, ಠಾಣೆ, ನವಿ ಮುಂಬೈಯ ಅಂಗಡಿ ಬಾಗಿಲಿಗೆ ಮುಟ್ಟಿಸುವುದು ಸಣ್ಣ ಪಿಕಪ್‌ಗಳು. ಟಾಟಾ 207, ಟಾಟಾ ಏಸ್, ಮಹೀಂದ್ರಾ ಪಿಕಪ್‌ಗಳು. ಇವುಗಳಲ್ಲಿ ಅನೇಕವು ಒಬ್ಬ ಮಾಲೀಕನ ಏಕೈಕ ಗಾಡಿ. ಮಾಲೀಕನೇ ಚಾಲಕ. ಇಂತಹ ಗಾಡಿಯ ಎಂಜಿನ್ ಕೈಕೊಟ್ಟಾಗ ಎದುರಾಗುವ ಪ್ರಶ್ನೆ ಒಂದೇ: ಹೊಸ ಗಾಡಿಗೆ ಸಾಲ ಮಾಡುವುದೋ, ಹಳೆಯದಕ್ಕೆ ಬೇರೆ ಎಂಜಿನ್ ಕೂರಿಸುವುದೋ?

ಇದು ಗ್ಯಾರೇಜಿನ ಪ್ರಶ್ನೆಯಂತೆ ಕಂಡರೂ ಈಗ ಹಾಗೆ ಉಳಿದಿಲ್ಲ. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್, ವಾಯುಮಾಲಿನ್ಯದ ಕುರಿತು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಪ್ರಕರಣದಲ್ಲಿ, ಪೆಟ್ರೋಲ್ ಮತ್ತು ಡೀಸೆಲ್ ವಾಹನಗಳನ್ನು ಹಂತಹಂತವಾಗಿ ಕೈಬಿಡುವುದು ಸಾಧ್ಯವೇ ಎಂದು ಪರಿಶೀಲಿಸಲು ಸಮಿತಿ ರಚಿಸುವಂತೆ ಹೇಳಿತು. ಮಹಾರಾಷ್ಟ್ರ ಸರ್ಕಾರ ಅದೇ ತಿಂಗಳು ನಿವೃತ್ತ ಐಎಎಸ್ ಅಧಿಕಾರಿ ಸುಧೀರ್ ಕುಮಾರ್ ಶ್ರೀವಾಸ್ತವ ನೇತೃತ್ವದಲ್ಲಿ 7 ಸದಸ್ಯರ ಸಮಿತಿ ನೇಮಿಸಿತು. ಅಧ್ಯಯನದ ವ್ಯಾಪ್ತಿ ಮುಂಬೈ ನಗರವಷ್ಟೇ ಅಲ್ಲ, ಇಡೀ ಮುಂಬೈ ಮಹಾನಗರ ಪ್ರದೇಶ. ಭಿವಂಡಿ ಅದರೊಳಗೇ ಇದೆ.

ಎಂಜಿನ್ ಬದಲಾವಣೆ ಹೊಸದಲ್ಲ

ಭಾರತದ ರಸ್ತೆಗಳಿಗೆ ಎಂಜಿನ್ ಅದಲು–ಬದಲು ಹಳೆಯ ಕಥೆ. ಪೆಟ್ರೋಲ್ ದುಬಾರಿಯಾದ ಕಾಲದಲ್ಲಿ ಅಂಬಾಸಿಡರ್ ಕಾರಿಗೆ, ಜೀಪಿಗೆ ಮೆಟಡೋರ್ ಡೀಸೆಲ್ ಎಂಜಿನ್ ಕೂರಿಸಿ ಓಡಿಸಿದ್ದನ್ನು ಕರ್ನಾಟಕದ ಹಿರಿಯ ಚಾಲಕರೂ ನೆನಪಿಸಿಕೊಳ್ಳುತ್ತಾರೆ. ಮುಂಬೈಯ ಕುರ್ಲಾ, ಬೆಂಗಳೂರಿನ ಶಿವಾಜಿನಗರದ ಹಳೆ ಬಿಡಿಭಾಗಗಳ ಮಾರುಕಟ್ಟೆಗಳು ಬೆಳೆದದ್ದು ಇಂತಹ ಬೇಡಿಕೆಯಿಂದಲೇ.

ಆದರೆ ಬೇರೆ ಕಂಪನಿಯ ಎಂಜಿನ್ ಕೂರಿಸುವುದೆಂದರೆ ನಾಲ್ಕು ಬೋಲ್ಟ್ ಬಿಗಿಯುವ ಕೆಲಸವಲ್ಲ. ಎಂಜಿನ್ ಕೂರುವ ಮೌಂಟಿಂಗ್ ಬದಲಾಗಬೇಕು. ಗೇರ್‌ಬಾಕ್ಸ್ ಜೊತೆ ಹೊಂದಿಕೆಯಾಗದಿದ್ದರೆ ನಡುವೆ ಅಡಾಪ್ಟರ್ ಪ್ಲೇಟ್ ಬೇಕು, ಪ್ರೊಪೆಲ್ಲರ್ ಶಾಫ್ಟ್‌ನ ಉದ್ದ ಬದಲಿಸಬೇಕು. ರೇಡಿಯೇಟರ್ ಸಾಲದಾಗಬಹುದು. ಎಂಜಿನ್ ಭಾರವಾದರೆ ಮುಂದಿನ ಸಸ್ಪೆನ್ಶನ್ ಕುಸಿಯುತ್ತದೆ. ಶಕ್ತಿ ಹೆಚ್ಚಾಗಿ ಬ್ರೇಕ್ ಹಳೆಯದೇ ಉಳಿದರೆ ಇಳಿಜಾರಿನಲ್ಲಿ ಅಪಾಯ. ಹಳೆಯ ಎಂಜಿನ್‌ಗಳು ಬಹುಪಾಲು ಯಾಂತ್ರಿಕವಾಗಿದ್ದರಿಂದ ಅನುಭವಿ ಮೆಕ್ಯಾನಿಕ್ ಇದನ್ನೆಲ್ಲ ನಿಭಾಯಿಸುತ್ತಿದ್ದ. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್–6 ಮಾನದಂಡದ ಎಂಜಿನ್‌ಗಳಲ್ಲಿ ಸೆನ್ಸರ್, ಇಸಿಯು, ಹೊಗೆ ಶುದ್ಧೀಕರಣ ವ್ಯವಸ್ಥೆ ಎಲ್ಲವೂ ಒಂದಕ್ಕೊಂದು ಬೆಸೆದುಕೊಂಡಿವೆ. ಎಂಜಿನ್ ಒಂದನ್ನೇ ಕಿತ್ತು ತಂದರೆ ಅದು ಸರಿಯಾಗಿ ಓಡದು, ಹೊಗೆಯೂ ಶುದ್ಧವಾಗದು.

ಕಾನೂನಿನಲ್ಲಿ ಎರಡು ಬಾಗಿಲು

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಈ ವಿಷಯದ ತಿರುಳು. ತಯಾರಕರು ನಿಗದಿಪಡಿಸಿದ ವಿವರಗಳಿಗಿಂತ ಆರ್‌ಸಿಯ ವಿವರ ಭಿನ್ನವಾಗುವಂತೆ ಮಾಲೀಕ ವಾಹನ ಮಾರ್ಪಡಿಸುವಂತಿಲ್ಲ ಎನ್ನುತ್ತದೆ ಅದು. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಗಟ್ಟಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ 6 ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು.

ಹಾಗಾದರೆ ತೆರೆದಿರುವ ದಾರಿ ಯಾವುದು? ಮೊದಲನೆಯದು, ಅದೇ ಕಂಪನಿಯ, ಅದೇ ಮಾದರಿಯ ಎಂಜಿನ್. ಇದಕ್ಕೆ ಆರ್‌ಟಿಒ ಅನುಮತಿ ಪಡೆದು, ಹೊಸ ಎಂಜಿನ್ ಸಂಖ್ಯೆಯನ್ನು ಆರ್‌ಸಿಯಲ್ಲಿ ಬರೆಸಬೇಕು. ಎರಡನೆಯದು, ಇಂಧನ ಬದಲಾವಣೆ. ಸಿಎನ್‌ಜಿ, ಎಲ್‌ಪಿಜಿ ಅಥವಾ ಬ್ಯಾಟರಿಗೆ ಮಾನ್ಯತೆ ಪಡೆದ ಕಿಟ್ ಮೂಲಕ ಪರಿವರ್ತಿಸಲು ಅದೇ ಸೆಕ್ಷನ್ ಅವಕಾಶ ಕೊಡುತ್ತದೆ. 3.5 ಟನ್‌ಗಿಂತ ಕಡಿಮೆ ತೂಕದ ಬಿಎಸ್–6 ವಾಹನಗಳ ಡೀಸೆಲ್ ಎಂಜಿನ್ ತೆಗೆದು ಸಿಎನ್‌ಜಿ ಅಥವಾ ಎಲ್‌ಪಿಜಿ ಎಂಜಿನ್ ಹಾಕಲು ಕೇಂದ್ರ ಸಾರಿಗೆ ಸಚಿವಾಲಯ 2022ರ ಆಗಸ್ಟ್‌ನಲ್ಲಿ ಅನುಮತಿ ನೀಡಿತು. ಅದಕ್ಕೂ ಹಿಂದಿನ ಹಂತದ ವಾಹನಗಳಿಗೆ ಸಿಎನ್‌ಜಿ ಪರಿವರ್ತನೆಯ ಅವಕಾಶ ಮೊದಲೇ ಇತ್ತು. ಕಿಟ್‌ಗೆ ಪುಣೆಯ ಎಆರ್‌ಎಐನಂತಹ ಪರೀಕ್ಷಾ ಸಂಸ್ಥೆಯ ಮಾನ್ಯತೆ ಇರಬೇಕು.

ಈ ಎರಡೂ ಬಿಟ್ಟು, ಒಂದು ಕಂಪನಿಯ ಗಾಡಿಗೆ ಇನ್ನೊಂದು ಕಂಪನಿಯ ಡೀಸೆಲ್ ಎಂಜಿನ್ ಕೂರಿಸುವ ಹಳೆಯ ರೂಢಿಗೆ ಕಾನೂನಿನ ಬಾಗಿಲು ಮುಚ್ಚಿದೆ.

ಹತ್ತು ಗಾಡಿ ಇದ್ದರೆ ಬೇರೆ ನಿಯಮ

ಇದೇ ಸೆಕ್ಷನ್ನಿನ ಎರಡನೇ ಉಪವಿಧಿ ಹೆಚ್ಚು ಚರ್ಚೆಗೆ ಬಂದಿಲ್ಲ. ಕನಿಷ್ಠ 10 ಸಾರಿಗೆ ವಾಹನಗಳಿರುವ ಮಾಲೀಕರಿಗೆ, ಅದೇ ಕಂಪನಿ ಮತ್ತು ಮಾದರಿಯ ಎಂಜಿನ್ ಅನ್ನು ಆರ್‌ಟಿಒ ಪೂರ್ವಾನುಮತಿ ಇಲ್ಲದೆ ಬದಲಿಸಲು ರಾಜ್ಯ ಸರ್ಕಾರ ಅಧಿಸೂಚನೆ ಮೂಲಕ ಅವಕಾಶ ಕೊಡಬಹುದು. ಬದಲಿಸಿದ 14 ದಿನಗಳೊಳಗೆ ಆರ್‌ಟಿಒಗೆ ವರದಿ ಮಾಡಿದರೆ ಸಾಕು.

ಇದರ ಹಿಂದಿನ ತರ್ಕ ಅರ್ಥವಾಗುವಂಥದ್ದೇ. ದೊಡ್ಡ ಸಂಸ್ಥೆಗೆ ಸ್ವಂತ ವರ್ಕ್‌ಶಾಪ್ ಇರುತ್ತದೆ, ಲೆಕ್ಕಪತ್ರ ಇರುತ್ತದೆ. ಆದರೆ ಪರಿಣಾಮ ನೋಡಿದರೆ ತಕ್ಕಡಿ ಒಂದೇ ಕಡೆ ವಾಲಿದೆ. 10 ಗಾಡಿಗಳ ಮಾಲೀಕನಿಗೆ ಒಂದು ಗಾಡಿ ನಿಂತರೆ ಉಳಿದ 9 ದುಡಿಯುತ್ತವೆ. ಒಂದೇ ಗಾಡಿಯವನಿಗೆ ಅನುಮತಿಗಾಗಿ ಕಾಯುವ ಪ್ರತಿ ದಿನವೂ ಬಾಡಿಗೆ ಇಲ್ಲದ ದಿನ, ಆದರೆ ಸಾಲದ ಕಂತು ನಿಲ್ಲುವುದಿಲ್ಲ. ಕಾಯಲು ಶಕ್ತಿ ಇರುವವನಿಗೆ ಕಾಯಬೇಕಿಲ್ಲ, ಇಲ್ಲದವನು ಕಾಯಬೇಕು. ಹುಬ್ಬಳ್ಳಿಯ ವಿಆರ್‌ಎಲ್ ಸಂಸ್ಥೆಯನ್ನು ವಿಜಯ ಸಂಕೇಶ್ವರ ಅವರು 1976ರಲ್ಲಿ ಆರಂಭಿಸಿದ್ದು ಒಂದೇ ಲಾರಿಯಿಂದ. ಒಂದರಿಂದ ಹತ್ತಕ್ಕೆ ಏರುವ ಹಾದಿಯೇ ಈ ಉದ್ಯಮದಲ್ಲಿ ಅತಿ ಕಷ್ಟದ ಹಾದಿ ಎಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ.

ಕಾಯಲಾಗದವರು ಗುಜರಿ ಎಂಜಿನ್ ಹಾಕಿಸಿ ಸುಮ್ಮನಾದರೆ ನಷ್ಟ ಮುಂದೆ ಕಾದಿರುತ್ತದೆ. ಎಂಜಿನ್ ಸಂಖ್ಯೆ ಆರ್‌ಸಿಗೆ ಹೊಂದದಿದ್ದರೆ ಫಿಟ್‌ನೆಸ್ ಪರೀಕ್ಷೆಯಲ್ಲಿ ಗಾಡಿ ನಿಲ್ಲುತ್ತದೆ, ಅಪಘಾತವಾದಾಗ ವಿಮಾ ಕಂಪನಿ ತಕರಾರು ತೆಗೆಯಲು ದಾರಿಯಾಗುತ್ತದೆ. ಆ ಎಂಜಿನ್ ಕದ್ದ ಗಾಡಿಯದಾಗಿದ್ದರೆ ಪೊಲೀಸ್ ಠಾಣೆಯ ಮೆಟ್ಟಿಲನ್ನೂ ಹತ್ತಬೇಕಾಗುತ್ತದೆ.

ಟ್ಯಾಕ್ಸಿಗಳು ಕಲಿಸಿದ ಪಾಠ

ಮುಂಬೈಗೆ ಇಂತಹ ಸಂದರ್ಭ ಮೊದಲ ಸಲವಲ್ಲ. 1999ರಲ್ಲಿ ಬಾಂಬೆ ಹೈಕೋರ್ಟ್ ಆದೇಶದಂತೆ ವಿ.ಎಂ. ಲಾಲ್ ಸಮಿತಿ ರಚನೆಯಾಯಿತು. ನಂತರದ ವರ್ಷಗಳಲ್ಲಿ ನಗರದ ಕಪ್ಪು–ಹಳದಿ ಟ್ಯಾಕ್ಸಿಗಳು ಸಿಎನ್‌ಜಿಗೆ ಬದಲಾದವು. ಪ್ರೀಮಿಯರ್ ಪದ್ಮಿನಿಗಳನ್ನು ಒಂದೇ ಏಟಿಗೆ ಗುಜರಿಗೆ ಕಳುಹಿಸಲಿಲ್ಲ, ಅವುಗಳ ಇಂಧನ ಬದಲಿಸಲಾಯಿತು. ಚಾಲಕರ ದುಡಿಮೆ ಉಳಿಯಿತು. 20 ವರ್ಷಗಳ ವಯೋಮಿತಿ ಮುಗಿದು ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟದ್ದು 2023ರ ಅಕ್ಟೋಬರ್‌ನಲ್ಲಿ.

ದೆಹಲಿಯ ಅನುಭವ ಬೇರೆ. ಅಲ್ಲಿ ಗಾಡಿಯ ವಯಸ್ಸನ್ನೇ ಅಳತೆಗೋಲು ಮಾಡಿ, 10 ವರ್ಷ ದಾಟಿದ ಡೀಸೆಲ್ ಮತ್ತು 15 ವರ್ಷ ದಾಟಿದ ಪೆಟ್ರೋಲ್ ವಾಹನಗಳಿಗೆ ನಿರ್ಬಂಧ ಹೇರಲಾಯಿತು. 2025ರ ಜುಲೈ 1ರಿಂದ ಇಂತಹ ವಾಹನಗಳಿಗೆ ಬಂಕ್‌ಗಳಲ್ಲಿ ಇಂಧನವನ್ನೇ ನಿರಾಕರಿಸುವ ಕ್ರಮ ಶುರುವಾಗಿ, ಜನರ ವಿರೋಧದಿಂದ ಕೆಲವೇ ದಿನಗಳಲ್ಲಿ ತಡೆಹಿಡಿಯಬೇಕಾಯಿತು.

ಎರಡು ನಗರಗಳ ನಡುವಿನ ವ್ಯತ್ಯಾಸ ಇಷ್ಟೇ. ಹೊಗೆ ಬರುವುದು ಎಂಜಿನ್‌ನಿಂದ, ವಯಸ್ಸು ಲೆಕ್ಕ ಹಾಕುವುದು ನೋಂದಣಿ ದಿನಾಂಕದಿಂದ. ಎಂಜಿನ್ ಹೊಸದಾದರೂ ಕಾಗದದಲ್ಲಿ ಗಾಡಿ ಚಿಕ್ಕದಾಗುವುದಿಲ್ಲ. ವಯಸ್ಸೊಂದನ್ನೇ ನೋಡಿದರೆ, ಸಾಲ ಮಾಡಿ ಸಿಎನ್‌ಜಿಗೆ ಬದಲಿಸಿದವನಿಗೂ ಬದಲಿಸದವನಿಗೂ ವ್ಯತ್ಯಾಸವೇ ಉಳಿಯದು. ಹಾಗಿದ್ದಾಗ ಖರ್ಚು ಮಾಡುವವರು ಯಾರು?

ಮುಂದೇನು?

ಹಳೆಯ ಗಾಡಿಯೆಲ್ಲ ಉಳಿಯಬೇಕು ಎಂಬ ವಾದವೂ ಸರಿಯಲ್ಲ. ಚಾಸಿಸ್ ತುಕ್ಕು ಹಿಡಿದ, ಬ್ರೇಕ್ ಸೋತ ಪಿಕಪ್‌ಗೆ ಯಾವ ಎಂಜಿನ್ ಹಾಕಿದರೂ ಅದು ಅಪಾಯವೇ. ಗೋದಾಮುಗಳ ನಡುವೆ ಬದುಕುವ ಭಿವಂಡಿಯ ಜನರೇ ಆ ಹೊಗೆಯನ್ನು ಮೊದಲು ಉಸಿರಾಡುವವರು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಗಾಡಿ ಹಳೆಯದೇ ಹೊಸದೇ ಎಂದಲ್ಲ. ಪರೀಕ್ಷೆಯಲ್ಲಿ ಪಾಸಾಗುವ ಗಾಡಿಗೆ ಕಾನೂನುಬದ್ಧ ಎಂಜಿನ್ ಸಿಗುವ ದಾರಿ ಎಷ್ಟು ಸುಲಭ ಎಂಬುದು.

ಆ ದಾರಿ ಸುಲಭವಾಗಲು ಹೊಸ ಕಾಯ್ದೆ ಬೇಕಿಲ್ಲ. ಒಂದೇ ಗಾಡಿಯ ಮಾಲೀಕರ ಎಂಜಿನ್ ಬದಲಾವಣೆ ಅರ್ಜಿಗೆ ಇಂತಿಷ್ಟು ದಿನ ಎಂಬ ಗಡುವು, ಮಾನ್ಯತೆ ಪಡೆದ ಕಿಟ್ ಮತ್ತು ವರ್ಕ್‌ಶಾಪ್‌ಗಳ ಪಟ್ಟಿ ಆರ್‌ಟಿಒ ಕಚೇರಿಯಲ್ಲೇ ಸಿಗುವ ವ್ಯವಸ್ಥೆ, ಪರಿವರ್ತನೆಗೆ ಅಗ್ಗದ ಸಾಲ. ಇಷ್ಟಾದರೆ ಗುಜರಿ ಎಂಜಿನ್‌ನ ಆಕರ್ಷಣೆ ತಾನಾಗಿ ಕಡಿಮೆಯಾಗುತ್ತದೆ.

ಅಲ್ಲಿಯವರೆಗೆ ಮಾಲೀಕರು ಮೂರು ವಿಷಯ ಮರೆಯಬಾರದು. ಎಂಜಿನ್ ಕೊಳ್ಳುವ ಮುನ್ನ ಬಿಲ್ ಮತ್ತು ಎಂಜಿನ್ ಸಂಖ್ಯೆ ಪರಿಶೀಲಿಸಬೇಕು. ಕೂರಿಸುವ ಮುನ್ನ ಆರ್‌ಟಿಒ ಅನುಮತಿ ಪಡೆಯಬೇಕು. ಕೂರಿಸಿದ ಮೇಲೆ ಆರ್‌ಸಿ ಮತ್ತು ವಿಮಾ ಪಾಲಿಸಿ ಎರಡರಲ್ಲೂ ಬದಲಾವಣೆ ಬರೆಸಬೇಕು. ಮುಂಬೈಯ ಗಾಳಿಯ ಕುರಿತ ತೀರ್ಮಾನ ಯಾವ ಕಡೆ ವಾಲಿದರೂ, ಮೊದಲು ತಪಾಸಣೆಗೆ ಬರುವುದು ಕಾಗದಪತ್ರವೇ.