ಚಿಗರಿ ಓಡದ ದಾರಿಯಲ್ಲಿ ಟ್ರಾಮ್ ಓಡೀತೆ?

ಹುಬ್ಬಳ್ಳಿ-ಧಾರವಾಡದ ನಡುವಿನ ಚಿಗರಿ ಬಸ್ ತೆಗೆದು ಲೈಟ್ ರೈಲ್ ಓಡಿಸೋಣ ಅನ್ನೋ ಮಾತು ಜೋರಾಗಿದೆ. ವೀಕೆಂಡಿಗೆ ಬೆಂಗಳೂರಿನಿಂದ ಬರುವ ನನ್ನ ಗೆಳೆಯರಿಗಂತೂ ಭಾರಿ ಖುಷಿ. ‘ಬಸ್ ಅಂದ್ರ ಬಸ್ಸ ಬಿಡಪಾ, ಟ್ರಾಮ್ ಬಂದ್ರ ನಮ್ಮೂರೂ ಸಿಟಿ ಅನಸ್ತದ’ ಅಂತಾರೆ. ನನ್ನ ತಕರಾರು ಇರೋದೇ ಈ ‘ಅನಸ್ತದ’ ಮೇಲೆ. ಊರು ಸಿಟಿ ಅನ್ನಿಸೋಕೆ ನೂರಾರು ಕೋಟಿ ಸುರಿಯಬೇಕಾ?

ಒಂದು ಸಣ್ಣ ಲೆಕ್ಕ ಹಾಕಿ. ಕೇಂದ್ರ ಸರ್ಕಾರದ 2019ರ ಮೆಟ್ರೋಲೈಟ್ ಮಾನದಂಡದ ಪ್ರಕಾರ ಮೂರು ಬೋಗಿಯ ಗಾಡಿಗೆ ಸುಮಾರು 300 ಜನ. ನಾಲ್ಕು ನಿಮಿಷಕ್ಕೊಂದು ಬಿಟ್ಟರೆ ಗಂಟೆಗೆ 4,500 ಜನ. ಒಂದು ಬಸ್ಸಿಗೆ 75 ಜನ ಅಂತ ಹಿಡಿದು ನಿಮಿಷಕ್ಕೊಂದು ಬಿಡಿ, ಅದೂ 4,500. ವ್ಯತ್ಯಾಸ ಇಷ್ಟೇ: ಟ್ರಾಮಿಗೆ ನಾಲ್ಕು ನಿಮಿಷ ಕಾಯಬೇಕು, ಬಸ್ಸಿಗೆ ಒಂದೇ ನಿಮಿಷ.

‘ಬಿಆರ್‌ಟಿಎಸ್ ರಸ್ತೆ ನುಂಗಿತು’ ಅನ್ನೋರು ಇದಕ್ಕೆ ಉತ್ತರ ಹೇಳಲಿ. ನೆಲದ ಮೇಲೆ ಹಳಿ ಹಾಕಿದರೆ ಅದಕ್ಕೂ ಪ್ರತ್ಯೇಕ ಪಥವೇ ಬೇಕಲ್ಲ? ಕಂಬದ ಮೇಲೆ ಒಯ್ದರೆ ಖರ್ಚು ಎಷ್ಟೋ ಪಟ್ಟು. ಪಥಕ್ಕೆ ಬೈಕು, ಕಾರು ನುಗ್ಗಿದರೆ, ಸಿಗ್ನಲ್ಲಿನಲ್ಲಿ ಆದ್ಯತೆ ಸಿಗದಿದ್ದರೆ, ಟೋಲ್ ನಾಕಾದಲ್ಲಿ ಮಳೆನೀರು ನಿಂತರೆ ಟ್ರಾಮೂ ನಿಲ್ಲುತ್ತದೆ. ಬಸ್ಸಾದರೆ ಪಕ್ಕಕ್ಕೆ ಹೊರಳಿ ಹೋದೀತು, ಹಳಿ ಬಿಟ್ಟು ಟ್ರಾಮ್ ಎಲ್ಲಿಗೆ ಹೋದೀತು?

ಟ್ರಾಮಿನ ಪರ ವಾದವೇ ಇಲ್ಲ ಅಂತಲ್ಲ. ಗಾಡಿ ಬಾಳಿಕೆ ಬರುತ್ತದೆ, ಕುಲುಕುವುದಿಲ್ಲ, 300 ಜನಕ್ಕೆ ಒಬ್ಬನೇ ಡ್ರೈವರ್ ಸಾಕು, ಹೊಗೆಯೂ ಇಲ್ಲ. ಆದರೆ ಹೊಗೆಯೇ ಚಿಂತೆಯಾದರೆ ಎಲೆಕ್ಟ್ರಿಕ್ ಬಸ್ ಇದೆಯಲ್ಲ ಸ್ವಾಮಿ! ಉಳಿದ ಲಾಭ ಕೈಗೆ ಬರುವುದು ಗಾಡಿ ತುಂಬಿ ಓಡಿದಾಗ. ಮುಂಬೈಯ ಮೋನೋರೈಲು ನೋಡಿ. 2014ರಲ್ಲಿ ಶುರುವಾಗಿ 2019ಕ್ಕೆ ಸುಮಾರು 20 ಕಿ.ಮೀ. ಪೂರ್ತಿಯಾಯಿತು. ಆ ಜನಸಾಗರದ ಊರಲ್ಲೂ ಅದಕ್ಕೆ ಜನ ಸಿಗಲಿಲ್ಲ. 2025ರ ಆಗಸ್ಟ್ ಮಳೆಯಲ್ಲಿ ಪ್ರಯಾಣಿಕರ ಸಮೇತ ಕಂಬದ ಮೇಲೇ ಸಿಕ್ಕಿಕೊಂಡಿತು, ಮರುತಿಂಗಳು ಸೇವೆ ನಿಲ್ಲಿಸಬೇಕಾಯಿತು.

ಚಿಗರಿ ಓಡಾಟ ಶುರುವಾಗಿದ್ದು 2018ರಲ್ಲಿ. ಸುಮಾರು 22 ಕಿ.ಮೀ. ಉದ್ದಕ್ಕೆ ಜನರ ಮನೆ, ಅಂಗಡಿ ಒಡೆದು ರಸ್ತೆ ಅಗಲ ಮಾಡಿದ್ದೇವೆ. ಅಷ್ಟು ಕಳೆದುಕೊಂಡು ಪಡೆದದ್ದನ್ನು ರಿಪೇರಿಯಿಲ್ಲದೆ ಸವೆಯಲು ಬಿಟ್ಟು, ಆಮೇಲೆ ‘ಫೇಲ್ ಆತು’ ಅಂತ ಕೈ ತೊಳೆದುಕೊಳ್ಳುವುದು ಯಾವ ನ್ಯಾಯ? ಹೊಸ ಯೋಜನೆಗೆ ಶಂಕುಸ್ಥಾಪನೆಯ ಕಲ್ಲು ಇರುತ್ತದೆ, ಕಲ್ಲಿನ ಮೇಲೆ ಹೆಸರಿರುತ್ತದೆ. ಹಳೇ ಬಸ್ಸಿನ ಟೈರ್ ಬದಲಿಸಿದವರ ಹೆಸರು ಯಾರು ಕೆತ್ತಿಸ್ತಾರೆ?

ಅದೇ ದುಡ್ಡಿನಲ್ಲಿ ಒಂದು ಪಾಲು ಸಾಕು. ಹೊಸ ಬಸ್ ತನ್ನಿ, ಸಿಗ್ನಲ್ ಸರಿಪಡಿಸಿ. ಗೋಕುಲ ರಸ್ತೆಯ ವಿಮಾನ ನಿಲ್ದಾಣ, ಕೇಶ್ವಾಪುರ, ಧಾರವಾಡದ ಹೈಕೋರ್ಟ್ ಪೀಠ, ಐಐಟಿ, ಇವ್ಯಾವೂ ಚಿಗರಿ ದಾರಿಯಲ್ಲಿಲ್ಲ. ಅದೇ ದಾರಿಗೆ ಹಳಿ ಹಾಕಿದರೆ ಅಲ್ಲಿನವರಿಗೆ ಆಟೋನೇ ಗತಿ. ಅಲ್ಲಿಗೆ ಹತ್ತು ನಿಮಿಷಕ್ಕೊಂದು ಫೀಡರ್ ಬಸ್ ಬಿಡಿ. ಅವು ತುಂಬಿ ತುಳುಕಿ, ಚಿಗರಿಯಲ್ಲೂ ಕಾಲಿಡೋಕೆ ಜಾಗ ಸಿಗದಂತಾದ ದಿನ ಟ್ರಾಮಿನ ಮಾತು ತೆಗೆಯಿರಿ. ಆವತ್ತು ಚಪ್ಪಾಳೆ ಹೊಡೆಯುವವರಲ್ಲಿ ನಾನೂ ಇರ್ತೀನಿ.