ನಿಂದು ಯಾವ ಏರಿಯಾ?



ಹಾಸ್ಟೆಲಿಗೆ ಹೊಸದಾಗಿ ಬಂದ ಹುಡುಗನನ್ನು ಕಾಲೇಜಿನಲ್ಲಿ ಯಾರಾದರೂ 'ನಿಂದು ಯಾವ ಏರಿಯಾ?' ಅಂತ ಕೇಳಿದರೆ ಅವನು ತನ್ನ ಕೇರಿಯ ಹೆಸರು ಹೇಳೋದಿಲ್ಲ. ಪಕ್ಕದ ಬಡಾವಣೆಯ ಹೆಸರು ಹೇಳುತ್ತಾನೆ. ಇಲ್ಲವೆ ಬಸ್ ಸ್ಟಾಪಿನ ಹೆಸರು ಹೇಳಿ ಮಾತು ಮುಗಿಸುತ್ತಾನೆ. ಕೇರಿಯ ಹೆಸರು ಹೇಳಿದರೆ ಜಾತಿ ಹೇಳಿದ ಹಾಗೆಯೇ. ಕೇಳಿದವನಿಗೂ ಬೇಕಾಗಿರೋದು ಅದೇ. ಇದನ್ನು ನಾವೆಲ್ಲ ಮಾಡಿದ್ದೇವೆ, ಯಾರನ್ನೂ ಬಯ್ಯಲು ಬರೆಯುತ್ತಿಲ್ಲ. ಅಮೆರಿಕದ ಕಪ್ಪು ಜನರ ಮಕ್ಕಳು ಇದೇ ಪ್ರಶ್ನೆಗೆ ಹೇಗೆ ಉತ್ತರ ಕೊಟ್ಟರು ಅನ್ನೋದನ್ನು ಹೇಳಬೇಕಾಗಿದೆ.

ನ್ಯೂಯಾರ್ಕ್ ನಗರದಲ್ಲಿ ಬ್ರಾಂಕ್ಸ್ ಅಂತ ಒಂದು ಭಾಗ. 1930ರ ದಶಕದಲ್ಲಿ ಅಲ್ಲಿಯ ಸರ್ಕಾರದ ಗೃಹಸಾಲ ಸಂಸ್ಥೆ ದೇಶದ ನಗರಗಳ ನಕ್ಷೆ ಬರೆಸಿ ಬಣ್ಣ ಬಳಿಯಿತು. ಉಳ್ಳ ಬಿಳಿಯರ ಬೀದಿಗೆ ಹಸಿರು. ಕಪ್ಪು ಜನ ಇದ್ದ ಬೀದಿಗೆ ಕೆಂಪು. ಕೆಂಪು ಅಂದರೆ ಇಲ್ಲಿ ಸಾಲ ಕೊಟ್ಟರೆ ಮುಳುಗಿತು ಅಂತ. ಮನೆ ಗಟ್ಟಿಯೋ ಶಿಥಿಲವೋ ಅಂತಷ್ಟೇ ನೋಡಲಿಲ್ಲ, ಒಳಗೆ ಯಾರಿದ್ದಾರೆ ಅಂತಲೂ ನೋಡಿದರು. ನಮ್ಮ ಊರುಗಳಿಗೆ ಇಂಥ ಬಣ್ಣವೂ ಬೇಕಿಲ್ಲ. ಕೇರಿ ಎಲ್ಲಿ ಶುರುವಾಗುತ್ತೆ ಅಂತ ಎಳೆ ಮಗುವಿಗೂ ಗೊತ್ತು.

1948ರಲ್ಲಿ ರಾಬರ್ಟ್ ಮೋಸೆಸ್ ಎಂಬ ಅಧಿಕಾರಿ ಬ್ರಾಂಕ್ಸಿನ ಹೊಟ್ಟೆ ಸೀಳಿ ಹೆದ್ದಾರಿ ಹಾಕಿಸಲು ಹೊರಟ. ಈಸ್ಟ್ ಟ್ರೆಮಾಂಟ್ ಎಂಬಲ್ಲಿ ಒಂದು ಮೈಲಿ ರಸ್ತೆಗಾಗಿ 1,500ಕ್ಕೂ ಹೆಚ್ಚು ಮನೆ ಕೆಡವಿದರು. ಅಲ್ಲಿದ್ದವರು ಹೆಚ್ಚಾಗಿ ದುಡಿದು ತಿನ್ನುವ ಯಹೂದಿಗಳು. ಕೈಲಾದವರು ಜಾಗ ಬಿಟ್ಟರು. ಬೇರೆಲ್ಲೂ ಮನೆ ಸಿಕ್ಕದ ಕಪ್ಪು ಜನ, ಪೋರ್ಟೊ ರಿಕೊ ಜನ ಉಳಿದರು. 1970ರ ದಶಕದಲ್ಲಿ ಬಾಡಿಗೆ ಹುಟ್ಟದ ಕಟ್ಟಡಗಳಿಗೆ ಕೆಲವು ಮಾಲೀಕರೇ ವಿಮೆ ಹಣಕ್ಕಾಗಿ ಬೆಂಕಿ ಇಡಿಸಿದರು. ಅದೇ ಹೊತ್ತಿಗೆ ನಗರದ ಆಡಳಿತ ಖರ್ಚು ಕಮ್ಮಿ ಮಾಡುವ ನೆಪದಲ್ಲಿ ಬೆಂಕಿ ಆರಿಸುವ ದಳಗಳನ್ನು ಮುಚ್ಚಿತು!

1973ರ ಆಗಸ್ಟ್ 11. ಸೆಡ್ಜ್‌ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡ. ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿಗೆ ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆ ಬೇಕಿತ್ತು. ಕಟ್ಟಡದ ಕೋಣೆಯೊಂದರಲ್ಲಿ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಇಟ್ಟು ಕುಣಿತದ ಕೂಟ ಮಾಡಿದಳು. ಅಣ್ಣ ಕ್ಲೈವ್ ರೆಕಾರ್ಡು ಹಾಕಿದ. ಜಮೈಕಾದಿಂದ ಬಂದ ಈ ಹುಡುಗನೇ ಡಿ.ಜೆ. ಕೂಲ್ ಹರ್ಕ್. ಹಿಪ್ ಹಾಪ್ ಹುಟ್ಟಿದ್ದು ಅವತ್ತು ಅನ್ನುತ್ತಾರೆ. ಅಣ್ಣನ ಹೆಸರು ಲೋಕಕ್ಕೆ ಗೊತ್ತು. ಕೂಟ ಕಟ್ಟಿದ ತಂಗಿಯ ಹೆಸರು ಎಷ್ಟು ಜನಕ್ಕೆ ಗೊತ್ತು? ನಮ್ಮ ಸಂಘಟನೆಯಲ್ಲೂ ಲೆಕ್ಕ ಹೀಗೇ ಇದೆ ಅಂತ ಅಕ್ಕತಂಗಿಯರು ಹೇಳಿದರೆ ನಾವು ತಲೆ ತಗ್ಗಿಸಬೇಕು.

ಆಮೇಲೆ ಬೀದಿದೀಪದ ಕಂಬದಿಂದ ಕರೆಂಟು ಎಳೆದು ಪಾರ್ಕುಗಳಲ್ಲಿ ಹಾಡಿದರು. ಬರಬರುತ್ತ ಹಾಡಿನೊಳಗೆ ವಿಳಾಸ ಬಂತು. 1982ರ 'ದಿ ಮೆಸೇಜ್' ಹಾಡು ಬಡವರ ಬೀದಿಯ ಕೊಳಕು, ಸಾಲ ವಸೂಲಿಯವರ ಕಾಟ, ಜೈಲು ಎಲ್ಲವನ್ನೂ ಅಲ್ಲೇ ನಿಂತವನ ಕಣ್ಣಿಂದ ಹೇಳಿತು. ಮುಂದೆ ಕ್ವೀನ್ಸ್‌ಬ್ರಿಜ್ ಎಂಬ ಸರ್ಕಾರಿ ವಸತಿಯ ಎಂ.ಸಿ. ಶಾನ್ ತನ್ನ ಜಾಗವನ್ನು ಮೆರೆಸಿ ಹಾಡಿದ. ಕೆ.ಆರ್.ಎಸ್.-ಒನ್‌ಗೆ ತಡೆಯಲಿಲ್ಲ. ಅವನ ತಂಡ 1986ರಲ್ಲಿ 'ಸೌತ್ ಬ್ರಾಂಕ್ಸ್' ಅಂತಲೇ ಹಾಡು ಕಟ್ಟಿ ಉತ್ತರ ಕೊಟ್ಟಿತು. ಯೋಚನೆ ಮಾಡಿ, ಉಳ್ಳವರು ಕಾಲಿಡಲು ಹೇಸುವ ಬೀದಿಗಳ ಹುಡುಗರು 'ನಮ್ಮ ಬೀದಿ ದೊಡ್ಡದು, ನಮ್ಮ ಬೀದಿ ದೊಡ್ಡದು' ಅಂತ ಜಗಳಕ್ಕೆ ನಿಂತಿದ್ದಾರೆ! ಸಾಲಗಾರರ ನಕ್ಷೆಯಲ್ಲಿ ಬರೀ ಕೆಂಪು ಮಸಿ ಇದ್ದ ಕಡೆ ಇವರ ಹಾಡಿನಲ್ಲಿ ಪಾರ್ಕು, ಕಟ್ಟಡ, ಗೆಳೆಯರ ಹೆಸರು ಎಲ್ಲ ಇವೆ.

ಇದು ಪರದೇಶದ ಫ್ಯಾಷನ್ನು, ನಮಗ್ಯಾಕೆ ಅನ್ನುವವರಿದ್ದಾರೆ. 1972ರಲ್ಲಿ ಬೊಂಬಾಯಿಯ ದಲಿತ್ ಪ್ಯಾಂಥರ್ಸ್ ತಮ್ಮ ಹೆಸರು ತಂದದ್ದೇ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್‌ಗಳಿಂದ. 1975ರಲ್ಲಿ ಸಿದ್ಧಲಿಂಗಯ್ಯನವರು ಪುಸ್ತಕಕ್ಕೆ 'ಹೊಲೆಮಾದಿಗರ ಹಾಡು' ಅಂತ ಹೆಸರಿಟ್ಟರು, ಮುಂದೆ ಆತ್ಮಕತೆಗೆ 'ಊರುಕೇರಿ' ಅಂದರು. ಮುಚ್ಚಿಡಬೇಕು ಅಂದದ್ದನ್ನೆಲ್ಲ ಮುಖಪುಟಕ್ಕೇ ತಂದರು. 2017ರಲ್ಲಿ ಚೆನ್ನೈನಲ್ಲಿ ಪಾ. ರಂಜಿತ್, ತೆನ್ಮಾ ಕಟ್ಟಿದ 'ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ತಂಡ ಉತ್ತರ ಚೆನ್ನೈನ ಗಾನಾ ಹಾಡನ್ನೂ ರ್‍ಯಾಪನ್ನೂ ಒಂದೇ ವೇದಿಕೆಗೆ ತಂದು ಮೀಸಲಾತಿಯ ಮೇಲೆ ಹಾಡಿತು. ಸಾವಿನ ಮನೆಯ ಮುಂದೆ ಹಾಡುವ ಪಾಡು ಅಂತ ಹೀಗಳೆದ ಗಾನಾ ಅದು.

ಹಾಗಂತ ಎಲ್ಲ ರ್‍ಯಾಪೂ ನಮ್ಮದಲ್ಲ. ಟೋಪಿ ಉಲ್ಟಾ ಹಾಕಿಕೊಂಡು ತಾನು ಕಾಣದ ಕಾರು, ಮುಟ್ಟದ ಪಿಸ್ತೂಲು ಹಾಡೋದು, ಹೆಣ್ಣುಮಕ್ಕಳನ್ನು ಹೀಯಾಳಿಸೋದು ಕಂಪನಿಗಳು ಮಾರುವ ಮಾಲು. ಆ ಹುಡುಗನೂ ತನ್ನ ಏರಿಯಾ ಮುಚ್ಚಿಡುತ್ತಿದ್ದಾನೆ, ಅಷ್ಟೇ.

2013ರ ಜನವರಿಯಲ್ಲಿ ಬೆಂಗಳೂರಿನ ಈಜಿಪುರದಲ್ಲಿ ಸಾವಿರಕ್ಕೂ ಹೆಚ್ಚು ಬಡ ಕುಟುಂಬಗಳ ಗೂಡು ಕೆಡವಿದರು. ಅಂದಿನ ಮಕ್ಕಳು ಇವತ್ತು ಬೆಳೆದು ನಿಂತಿದ್ದಾರೆ. ಯಾರ ಮನೆ ಎಲ್ಲಿತ್ತು, ನೀರಿನ ಸಾಲು ಎಲ್ಲಿ ತಿರುಗುತ್ತಿತ್ತು ಅನ್ನೋದು ಅವರಿಗೂ ಅವರ ಅವ್ವಂದಿರಿಗೂ ಗೊತ್ತು. ಕೆಡವಿದವರ ಕಡತದಲ್ಲಿ ಅದು ಸಿಗೋದಿಲ್ಲ.

ಮುಂದಿನ ಸಂಚಿಕೆಯಿಂದ ನಾಲ್ಕು ಪುಟ ಇದಕ್ಕೇ ಮೀಸಲು. ರಜಕ್ಕೆ ಹೋದಾಗ ಅಜ್ಜಿಯನ್ನು ಕೂರಿಸಿಕೊಂಡು ಕೇಳಿ: ಕೇರಿಗೆ ಮೊದಲು ಏನು ಹೆಸರಿತ್ತು, ಮಸಣದ ಜಾಗ ಯಾರು ಒತ್ತಿದರು, ಯಾವ ಅಂಗಡಿಯಲ್ಲಿ ಲೋಟ ಬೇರೆ ಇಡುತ್ತಿದ್ದರು, ನಮ್ಮ ಫಲಕ ಯಾವ ರಾತ್ರಿ ಎದ್ದಿತು. ಹಾಡಾದರೂ ಸರಿ, ಕತೆಯಾದರೂ ಸರಿ, ನಿಮ್ಮ ಮನೆಮಾತಿನಲ್ಲೇ ಬರೆಯಿರಿ. ಕೇರಿಯ ಹೆಸರು ಇದ್ದದ್ದು ಇದ್ದ ಹಾಗೇ ಇರಲಿ. ಹೆಣ್ಣುಮಕ್ಕಳ ಹಾಸ್ಟೆಲಿನಿಂದ ಬಂದದ್ದನ್ನು ಮೊದಲು ಹಾಕುತ್ತೇವೆ. ಹಾಳೆಯ ಒಂದೇ ಮಗ್ಗುಲಿಗೆ ಬರೆದು ಮುಂದಿನ ಸಭೆಗೆ ಬರುವಾಗ ತನ್ನಿ.

ಜೈ ಭೀಮ್.